ಚೀನೀ ಗೆಳತಿಯ ಜೊತೆ ಮಾರ್ಕ್ಸ್ ಹುಟ್ಟಿದ ಊರಿಗೆ

ಜರ್ಮನಿಯಲ್ಲಿ ಕಡಿಮೆ ಖರ್ಚಿನಲ್ಲಿ ಸುತ್ತಾಡುವುದನ್ನು ನಾನು ಕಲಿತದ್ದು ನನ್ನ ಕ್ಲಾಸಿನ ಚೀನೀ ಹುಡುಗಿಯಿಂದ. ಅವಳದು ಸಿಚುವಾನ್ ಪ್ರಾಂತ್ಯದ ಚೆಂಗ್ಡು, ಖಾರಕ್ಕೆ ಹೆಸರಾದ ಊರು. ಹಾಗಾಗಿ ಕೊಲೋನ್‌ನ ಹಾಸ್ಟೆಲ್ ಅಡುಗೆಮನೆಯಲ್ಲಿ ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾಯಿತು.

ಎಲ್ಲಿಗೆ ಹೊರಟರೂ ಅವಳ ಚೀಲಕ್ಕೆ ಮೊದಲು ಇಳಿಯುವುದು ಬಿಸಿನೀರಿನ ಫ್ಲಾಸ್ಕ್. ಚೀನಾದಲ್ಲಿ ರೈಲಿನಲ್ಲೂ ಸ್ಟೇಷನ್ನಿನಲ್ಲೂ ಬಿಸಿನೀರಿನ ನಲ್ಲಿ ಇರುತ್ತದೆ, ಪುಕ್ಕಟೆ. ಇಲ್ಲಿ ಹೋಟೆಲಿನಲ್ಲಿ ನೀರು ಕೇಳಿದರೆ ಸೋಡಾದಂಥ ಗ್ಯಾಸ್ ನೀರು ತಂದಿಡುತ್ತಾರೆ, ಅದಕ್ಕೆ ದುಡ್ಡು ಬೇರೆ. ಮೊದಲ ಗುಟುಕು ಕುಡಿದಾಗ ಅವಳ ಮುಖ ನೋಡಬೇಕಿತ್ತು.

ಇಬ್ಬರೂ ಸೇರಿ ಟ್ರಿಯರ್‌ಗೆ ಹೋಗೋಣ ಎಂದದ್ದು ಅವಳೇ. ಕಾರ್ಲ್ ಮಾರ್ಕ್ಸ್ 1818ರಲ್ಲಿ ಹುಟ್ಟಿದ ಊರು ಅದು. ಚೀನಾದಲ್ಲಿ ಎಂಜಿನಿಯರಿಂಗ್ ಓದಿದರೂ ಮಾರ್ಕ್ಸ್‌ವಾದದ ಪಾಠ ತಪ್ಪುವುದಿಲ್ಲ. "ಪರೀಕ್ಷೆಗೆ ರಾತ್ರಿಯೆಲ್ಲಾ ಕೂತು ಉರು ಹೊಡೆದಿದ್ದೀನಿ. ಆ ಮನುಷ್ಯನ ಮನೆ ಒಮ್ಮೆ ನೋಡಬೇಡವಾ?" ಎಂದಳು. ನ್ಯಾಯವಾದ ಮಾತು, ಅಲ್ವಾ?

ಟಿಕೆಟ್ಟಿನ ವಿಷಯ ಹೇಳಿಬಿಡುತ್ತೇನೆ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು, 2025ರಲ್ಲಿ 58 ಆಯಿತು. ನಮ್ಮಂಥ ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಶುಲ್ಕದಲ್ಲೇ ಸೇರಿ ಇನ್ನೂ ಅಗ್ಗಕ್ಕೆ ಸಿಗುತ್ತದೆ. ದೇಶದ ಯಾವ ಮೂಲೆಯ ಬಸ್ಸು, ಟ್ರಾಮು, ಪ್ರಾದೇಶಿಕ ರೈಲನ್ನಾದರೂ ಹತ್ತಬಹುದು. ಐಸಿಇಯಂಥ ವೇಗದ ರೈಲಿಗೆ ಮಾತ್ರ ನಡೆಯುವುದಿಲ್ಲ.

ನಿಧಾನದ ರೈಲೇ ಒಳ್ಳೆಯದಾಯಿತು. ಕೊಬ್ಲೆನ್ಜ್‌ನಲ್ಲಿ ಗಾಡಿ ಬದಲಿಸಿ, ಟ್ರಿಯರ್ ಕಡೆಗೆ ಹೊರಟರೆ ಎಡಗಡೆ ಕಿಟಕಿ ಹಿಡಿಯಿರಿ. ಕೊಖೆಮ್‌ವರೆಗೂ ಮೋಸೆಲ್ ನದಿ ಪಕ್ಕದಲ್ಲೇ ಬರುತ್ತದೆ, ಆಚೆ ದಡದಲ್ಲಿ ಕಡಿದಾದ ಗುಡ್ಡ, ಅದರ ಮೈತುಂಬಾ ದ್ರಾಕ್ಷಿ ತೋಟ. ಕೊಖೆಮ್ ದಾಟಿದ ಮೇಲೆ ನಾಲ್ಕು ಕಿಲೋಮೀಟರಿಗೂ ಉದ್ದದ ಸುರಂಗ. ಆ ಕತ್ತಲಲ್ಲಿ ನಾವು ಡಬ್ಬಿ ಬಿಚ್ಚಿದೆವು. ನನ್ನದು ಚಿತ್ರಾನ್ನ. ಅವಳದು ಆಲೂಗಡ್ಡೆಯನ್ನು ಎಳೆ ಎಳೆಯಾಗಿ ಹೆಚ್ಚಿ, ಒಣಮೆಣಸಿನಕಾಯಿ, ವಿನೆಗರ್ ಹಾಕಿ ಗರಿಗರಿ ಉಳಿಯುವ ಹಾಗೆ ಹುರಿದ ಪಲ್ಯ. ಎರಡನ್ನೂ ಕಲಸಿ ತಿಂದು ನೋಡಿ, ಆಮೇಲೆ ಮಾತಾಡೋಣ. ಭಾನುವಾರ ಹೊರಟರಂತೂ ಬುತ್ತಿ ಬೇಕೇ ಬೇಕು. ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಟ್ರಿಯರ್‌ನಲ್ಲಿ ರೋಮನ್ನರು ಕಟ್ಟಿದ ಪೋರ್ಟಾ ನಿಗ್ರಾ ಎಂಬ ಭಾರೀ ಕಪ್ಪು ಹೆಬ್ಬಾಗಿಲಿದೆ. ಅವಳು ಅದನ್ನು ಒಮ್ಮೆ ನೋಡಿ, ಫೋಟೋ ತೆಗೆದು, ನೇರ ಮಾರ್ಕ್ಸ್ ಪ್ರತಿಮೆಯ ಕಡೆ ನಡೆದಳು. ಪೀಠ ಸೇರಿ ಐದೂವರೆ ಮೀಟರ್ ಎತ್ತರದ ಕಂಚಿನ ಮಾರ್ಕ್ಸ್. 2018ರಲ್ಲಿ, ಅವನ ಇನ್ನೂರನೇ ಹುಟ್ಟುಹಬ್ಬಕ್ಕೆ ಚೀನಾ ಕೊಟ್ಟ ಉಡುಗೊರೆ. "ಇಷ್ಟು ದೂರ ಬಂದು ನಮ್ಮ ದೇಶದವರು ಮಾಡಿದ್ದನ್ನೇ ನೋಡ್ತಾ ಇದ್ದೀನಿ" ಎಂದು ಅವಳು ನಕ್ಕಳು.

ಊರಿನ ಒಂದು ಕಡೆ ಪಾದಚಾರಿ ಸಿಗ್ನಲ್ಲಿನಲ್ಲೂ ಮಾರ್ಕ್ಸ್ ಇದ್ದಾನೆ. ಕೆಂಪಿನಲ್ಲಿ ನಿಲ್ಲುತ್ತಾನೆ, ಹಸಿರಿನಲ್ಲಿ ನಡೆಯುತ್ತಾನೆ. ಆ ಹಸಿರು ಮಾರ್ಕ್ಸ್ ಫೋಟೋದಲ್ಲಿ ಸರಿಯಾಗಿ ಬರಲಿ ಎಂದು ಅವಳು ಅದೇ ರಸ್ತೆಯನ್ನು ಸುಮ್ನೆ ಆ ಕಡೆ ಈ ಕಡೆ ದಾಟುತ್ತಲೇ ಇದ್ದಳು. ಸಿಗ್ನಲ್ಲಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಕೊನೆಗೆ ತಾವೇ ಫೋನ್ ಇಸಿದುಕೊಂಡು ತೆಗೆದುಕೊಟ್ಟರು.

ಮಾರ್ಕ್ಸ್ ಚಿತ್ರವಿರುವ ಸೊನ್ನೆ ಯೂರೋ ನೋಟನ್ನೂ ನೆನಪಿಗೆಂದು ಮಾರುತ್ತಾರೆ. ಬೆಲೆ 3 ಯೂರೋ. ಅಲ್ಲೇ ನಿಂತು ಅಮ್ಮನಿಗೆ ವೀಡಿಯೋ ಕರೆ ಮಾಡಿ ತೋರಿಸಿದಳು. ಅವರು ಅದೇನೋ ಒಂದೇ ಮಾತು ಕೇಳಿದರು, ಇವಳು ಫೋನ್ ಕೆಳಗಿಟ್ಟು ನಗತೊಡಗಿದಳು. ಸೊನ್ನೆಗೆ ಮೂರು ಯಾಕೆ ಕೊಟ್ಟೆ ಎಂದರಂತೆ. ಬಂಡವಾಳದ ಬಗ್ಗೆ ಅಷ್ಟು ಬರೆದವನ ಊರಿನಲ್ಲಿ ಕೇಳಬೇಕಾದ ಪ್ರಶ್ನೆಯೇ.

ವಾಪಸು ಬರುವಾಗ ಕೊನೆಯ ರೈಲನ್ನು ನಂಬಿಕೊಳ್ಳಬೇಡಿ. ಒಂದು ಗಾಡಿ ತಡವಾದರೆ ಮುಂದಿನದು ಕೈ ತಪ್ಪುತ್ತದೆ. ಅದಕ್ಕೂ ಮುಂಚಿನದನ್ನೇ ಹಿಡಿಯಿರಿ. ನಾವು ಹಾಗೇ ಮಾಡಿದೆವು. ದಾರಿಯಲ್ಲಿ ಅವಳು ಫೋನಿನಲ್ಲಿ ಮುಂದಿನ ಊರು ಹುಡುಕಿದಳು. ವುಪ್ಪರ್‌ಟಾಲ್‌ನಲ್ಲಿ ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್‌ನ ಪ್ರತಿಮೆ ಇದೆಯಂತೆ, ಅದೂ ಚೀನಾ ಕೊಟ್ಟದ್ದೇ. ಅದೇ ಊರಿನಲ್ಲಿ 1901ರಿಂದ ಕಂಬಿಗೆ ತೂಗುಬಿದ್ದು ಓಡುವ ರೈಲೂ ಇದೆ. ನನ್ನ ಓಟು ರೈಲಿಗೆ.