ರಾ ಫೋಟೊಗಳನ್ನು ಡಿಎನ್‌ಜಿ ಮಾಡಿ ಎತ್ತಿಡುವುದು ಹೇಗೆ?

ಕಬಿನಿ ಹಿನ್ನೀರಿನಲ್ಲಿ ತೆಗೆದ ಆನೆ ಹಿಂಡಿನ ಫೋಟೊ ಇನ್ನಿಪ್ಪತ್ತು ವರ್ಷ ಬಿಟ್ಟು ನೋಡಿದರೂ ತೆರೆದುಕೊಳ್ಳಬೇಕು, ಅಲ್ವಾ? ರಾ ಫೈಲಿನ, ಅಂದರೆ ಕ್ಯಾಮೆರಾ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಹಾಗೇ ಇಟ್ಟ ಫೈಲಿನ ತೊಂದರೆ ಇರುವುದೇ ಅಲ್ಲಿ. ಒಂದೊಂದು ಕ್ಯಾಮೆರಾ ಕಂಪನಿಯದು ಒಂದೊಂದು ಬಗೆ. ನಿಕಾನ್‌ನದು ಎನ್‌ಇಎಫ್, ಕ್ಯಾನನ್‌ನದು ಸಿಆರ್2 ಮತ್ತು ಸಿಆರ್3, ಸೋನಿಯದು ಎಆರ್‌ಡಬ್ಲ್ಯು. ಮನೆಗೊಂದು ಬೀಗ ಇದ್ದಂತೆ. ಇದಕ್ಕೆಂದೇ ಅಡೋಬಿ 2004ರಲ್ಲಿ ಎಲ್ಲರಿಗೂ ಸಲ್ಲುವ ಒಂದೇ ರಾ ಬಗೆಯಾಗಿ ಡಿಎನ್‌ಜಿ (ಡಿಜಿಟಲ್ ನೆಗೆಟಿವ್) ತಂದಿತು. ಇದರ ಬುನಾದಿ ಟಿಫ್ ಎಂಬ ಹಳೆಯ ಚಿತ್ರ ಫೈಲಿನ ಬಗೆ. ಒಳಗೆ ಏನು ಎಲ್ಲಿದೆ ಎಂಬ ವಿವರ ಯಾರು ಬೇಕಾದರೂ ಓದುವಂತೆ ಪ್ರಕಟವಾಗಿದೆ.

ಮೊದಲು ಅಡೋಬಿ ಡಿಎನ್‌ಜಿ ಕನ್ವರ್ಟರ್ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್ ಎರಡಕ್ಕೂ ಇದೆ. ತೆರೆದರೆ ಒಂದೇ ಕಿಟಕಿ. ರಾ ಫೋಟೊಗಳಿರುವ ಫೋಲ್ಡರ್ ತೋರಿಸಿ. ಅದರೊಳಗೆ ಇನ್ನಷ್ಟು ಫೋಲ್ಡರ್‌ಗಳಿದ್ದರೆ ಅವನ್ನೂ ಸೇರಿಸುವ ಗುರುತು ಹಾಕಿ. ಹೊಸ ಫೈಲುಗಳನ್ನು ಬೇರೆ ಫೋಲ್ಡರ್‌ಗೆ ಕಳಿಸಿ. ಹಳೆಯದು ಹೊಸದು ಕಲಸಿಹೋದರೆ ಆಮೇಲೆ ಹೆಕ್ಕುವುದು ರೇಜಿಗೆ. ಹೆಸರು ಇದ್ದಂತೆಯೇ ಇರಲಿ.

ಇನ್ನು ಪ್ರಿಫರೆನ್ಸಸ್, ಅಂದರೆ ಆಯ್ಕೆಗಳ ಕಿಟಕಿ. ಇಲ್ಲಿ ಮಾತ್ರ ಅವಸರ ಬೇಡ. ‘ಲಾಸಿ ಕಂಪ್ರೆಶನ್’ ಎಂಬ ಗುರುತು ಇದ್ದರೆ ತೆಗೆದುಬಿಡಿ. ಅದು ಫೈಲನ್ನು ಸಣ್ಣದು ಮಾಡುವುದು ಮಾಹಿತಿ ಕಳೆದೇ. ಎತ್ತಿಡುವ ಫೋಟೊಗೆ ಆ ಉಳಿತಾಯ ಯಾಕೆ? ಅದಿಲ್ಲದೆಯೂ ಡಿಎನ್‌ಜಿ ಏನೂ ಕಳೆಯದಂತೆ ಒತ್ತಿಡುತ್ತದೆ. ಫೈಲಿನ ಜೊತೆಗೇ ಇರುವ ಜೆಪೆಗ್ ಪ್ರಿವ್ಯೂ (ಬೇಗ ನೋಡಲು ಸಿಗುವ ಚಿತ್ರ) ‘ಮೀಡಿಯಂ ಸೈಜ್’ ಸಾಕು.

‘ಎಂಬೆಡ್ ಒರಿಜಿನಲ್ ರಾ ಫೈಲ್’ ಎಂದರೆ ಹಳೆಯ ಫೈಲನ್ನು ಇಡಿಯಾಗಿ ಡಿಎನ್‌ಜಿಯ ಹೊಟ್ಟೆಯೊಳಗೇ ಇಡುವುದು. ಬೇಕಾದಾಗ ಅದನ್ನು ಹೊರಗೆ ತೆಗೆಯಬಹುದು. ಆದರೆ ಫೈಲು ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗುತ್ತದೆ. ನಾನು ಇದನ್ನು ಹಾಕುವುದಿಲ್ಲ, ಹಳೆಯ ಫೈಲುಗಳನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿರುತ್ತೇನೆ. ಅವು ಬೇಕಾಗಿಯೂ ಬರುತ್ತವೆ: ನಿಕಾನ್, ಕ್ಯಾನನ್‌ನವರ ಸ್ವಂತ ಸಾಫ್ಟ್‌ವೇರ್‌ಗಳು ಹೀಗೆ ಪರಿವರ್ತಿಸಿದ ಡಿಎನ್‌ಜಿಯನ್ನು ತೆರೆಯುವುದಿಲ್ಲ.

ಕನ್ವರ್ಟ್ ಒತ್ತಿ, ಚಹಾ ಕುಡಿದು ಬನ್ನಿ. ಫೋಟೊ ಸಾವಿರಗಟ್ಟಲೆ ಇದ್ದರೆ ಊಟವನ್ನೂ ಮುಗಿಸಬಹುದು.

ಮುಗಿದ ಕೂಡಲೇ ಹಳೆಯದನ್ನು ಅಳಿಸಬೇಡಿ. ಎಣಿಕೆ ಸರಿಯಿದೆಯೇ ನೋಡಿ. ರಾ ಫೋಟೊ ತೆರೆಯುವ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಸಾಫ್ಟ್‌ವೇರ್‌ನಲ್ಲಿ ಹತ್ತಿಪ್ಪತ್ತು ಫೋಟೊ ತೆರೆದು, ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಅಡೋಬಿಯ ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ಇದ್ದವರಿಗೆ ಇನ್ನೂ ಸುಲಭ. ಲೈಬ್ರರಿ ಮೆನುವಿನಲ್ಲಿ ‘ವ್ಯಾಲಿಡೇಟ್ ಡಿಎನ್‌ಜಿ ಫೈಲ್ಸ್’ ಇದೆ. ಪರಿವರ್ತಿಸುವಾಗಲೇ ಡಿಎನ್‌ಜಿಯೊಳಗೆ ಒಂದು ತಾಳೆ ಸಂಖ್ಯೆ ಸೇರಿರುತ್ತದೆ. ಚಿತ್ರದ ಮಾಹಿತಿ ಕೆಟ್ಟಿದ್ದರೆ ಅದು ತಾಳೆಯಾಗುವುದಿಲ್ಲ. ಈ ಒಂದು ಅನುಕೂಲಕ್ಕಾದರೂ ಡಿಎನ್‌ಜಿ ಮಾಡಬಹುದು ಅನ್ನುವವನು ನಾನು. ಹಾರ್ಡ್ ಡಿಸ್ಕ್ ಸದ್ದಿಲ್ಲದೆ ಹಾಳು ಮಾಡಿದ ಫೋಟೊವನ್ನು ಕಣ್ಣಳತೆಯಲ್ಲಿ ಹುಡುಕುವುದು ಆಗದ ಕೆಲಸ.

ಬ್ಯಾಕಪ್ ಇಡುವವರಿಗೆ ಒಂದು ಮಾತು. ಲೈಟ್‌ರೂಮ್‌ನಲ್ಲಿ ಮಾಡಿದ ತಿದ್ದುಪಡಿಯನ್ನು ಫೈಲಿಗೆ ಉಳಿಸಿದರೆ ಅದು ಡಿಎನ್‌ಜಿಯೊಳಗೇ ಸೇರುತ್ತದೆ, ತಿದ್ದುಪಡಿಯ ವಿವರವಷ್ಟೇ ಇರುವ ಚಿಕ್ಕ ಎಕ್ಸ್‌ಎಂಪಿ ಫೈಲು ಪಕ್ಕದಲ್ಲಿ ಹುಟ್ಟುವುದಿಲ್ಲ. ಆಗ ಬ್ಯಾಕಪ್ ಸಾಫ್ಟ್‌ವೇರ್ ಇಡೀ ಫೋಟೊವನ್ನು ಮತ್ತೆ ನಕಲು ಮಾಡಲು ಕೂರಬಹುದು. ಹಾಗಾಗಿ ತಿದ್ದುವುದೆಲ್ಲ ಮುಗಿದ ಮೇಲೆ ಬ್ಯಾಕಪ್‌ಗೆ ಹಾಕಿ.