ಯಾಣದ ಬಂಡೆಯ ಫೋಟೋ ಹೀಗೆ ತೆಗೆಯಿರಿ

ಯಾಣಕ್ಕೆ ಬಂದವರಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಮಟಮಟ ಮಧ್ಯಾಹ್ನ ಭೈರವೇಶ್ವರ ಶಿಖರದ ಬುಡಕ್ಕೇ ಹೋಗಿ, ಮೊಬೈಲ್ ಮೇಲೆತ್ತಿ ಕ್ಲಿಕ್ ಮಾಡುತ್ತಾರೆ. ಮನೆಗೆ ಹೋಗಿ ನೋಡಿದರೆ ಬಿಳಿಚಿದ ಆಕಾಶ, ನಡುವೆ ಇದ್ದಿಲಿನಂಥ ಒಂದು ತ್ರಿಕೋನ. 120 ಮೀಟರ್ ಎತ್ತರದ ಬಂಡೆಯ ಮೈಮೇಲಿನ ಒಂದು ಗೆರೆಯೂ ಸಿಕ್ಕಿರುವುದಿಲ್ಲ.

ಆ ಗೆರೆಗಳಲ್ಲೇ ಕತೆ ಇರುವುದು. ಯಾಣದ್ದು ಸುಣ್ಣಕಲ್ಲು. ಮಳೆನೀರು ಗಾಳಿಯಿಂದ, ಕಾಡಿನ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ. ಕಲ್ಲನ್ನು ಚೂರು ಚೂರೇ ಕರಗಿಸುತ್ತಾ ಇಳಿಯುತ್ತದೆ. ಆ ಉದ್ದುದ್ದ ಗೀರು, ಚೂಪು ಅಂಚು, ಸಂದು ಎಲ್ಲ ನೀರೇ ಕೊರೆದದ್ದು. ನೀವು ಹಿಡಿಯಬೇಕಾದ್ದು ಅದನ್ನು.

ಮಳೆ ನಿಂತ ಮೇಲೆ ಹೋಗಿ. ಉಂಬಳ ಕಡಿಮೆ, ಕಾಲೂ ಜಾರುವುದಿಲ್ಲ. ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವವರೆಗೆ ಕಾಯಿರಿ. ಆಗ ಪ್ರತಿ ಗೀರಿಗೂ ಒಂದು ನೆರಳು ಬರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಷರ್. ಬಂಡೆ ಕಪ್ಪು ಅಂತ ಕ್ಯಾಮೆರಾಗೆ ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಆಕಾಶ ಜಾಸ್ತಿ ಸೇರಿದರೆ ಬೆಳಕು ತಗ್ಗಿಸಿ ಬಂಡೆಯನ್ನು ಮಸಿ ಮಾಡುತ್ತದೆ. ಬರೀ ಬಂಡೆ ತುಂಬಿದರೆ ಬೆಳಕು ಏರಿಸಿ ಬೂದಿಬಣ್ಣ ಮಾಡುತ್ತದೆ. ಹಾಗಾಗಿ ಮೊದಲು ಆಕಾಶವನ್ನು ಹೊರಗಿಡಿ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧವಾಗುತ್ತದೆ. ಫೋನಾದರೆ ಬಂಡೆಯ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಕಪ್ಪು ಕಪ್ಪಾಗಿಯೇ ಇದ್ದು ಗೀರಿನ ಒಳಗೂ ಕಂಡರೆ ಅಲ್ಲಿಗೆ ನಿಲ್ಲಿಸಿ. ಆಕಾಶ ಬೇಕೇ ಬೇಕೆಂದರೆ ಟ್ರೈಪಾಡ್ ಇಟ್ಟು ಬಂಡೆಗೊಂದು, ಆಕಾಶಕ್ಕೊಂದು ತೆಗೆದು ಆಮೇಲೆ ಸೇರಿಸಿ. ಆ ಕೆಲಸ ತಾನೇ ಮಾಡುವ ಎಚ್‌ಡಿಆರ್ ಆ್ಯಪ್ ಹಾಕಿದರೆ ಸಾಕಲ್ವಾ ಎನ್ನುವವರಿದ್ದಾರೆ. ಅವು ಜಾಸ್ತಿ ಎಳೆದು ಶಿಖರದ ಅಂಚಿಗೆ ಬಿಳಿ ಗೆರೆ ಕಟ್ಟುತ್ತವೆ, ನನಗಂತೂ ಬೇಡ. ಒದ್ದೆ ಬಂಡೆಯ ಹೊಳಪು ತೆಗೆಯಲು ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಒಳ್ಳೆಯದು. ಆದರೆ ತೀರಾ ಅಗ್ಗದ್ದು ಕೊಳ್ಳಬೇಡಿ, ಇಡೀ ಚಿತ್ರಕ್ಕೆ ಬೇರೆ ಬಣ್ಣ ಬಳಿಯುತ್ತದೆ.

ಬುಡದಲ್ಲಿ ನಿಂತು ವೈಡ್ ಲೆನ್ಸ್ ಹಾಕಿದರೆ ಶಿಖರ ಹಿಂದಕ್ಕೆ ವಾಲುತ್ತದೆ. ದಾರಿಯಲ್ಲೇ ಹಿಂದೆ ಸರಿದು ಝೂಮ್ ಮಾಡಿ. ಅಳತೆಗೆ ಬಂಡೆಯ ಹತ್ತಿರ ಒಬ್ಬರು ನಿಂತಿರಲಿ. ಮೇಲೆ ಹೆಜ್ಜೇನಿನ ತಟ್ಟಿಗಳಿರುತ್ತವೆ. ಡ್ರೋನ್, ಫ್ಲ್ಯಾಶ್ ಎರಡೂ ಬೇಡ. ದೇವಸ್ಥಾನದ ಒಳಗೆ ಕ್ಯಾಮೆರಾ ಚೀಲದಲ್ಲಿರಲಿ.

ಕುಮಟಾ ಕಡೆ ಇಳಿಯುವವರು ಮಿರ್ಜಾನ ಕೋಟೆಗೂ ಹೋಗಿ. ಅದರ ಗೋಡೆ ಚಿರೆಕಲ್ಲಿನದು. ಆ ಕಲ್ಲಿನಲ್ಲಿ ನೀರಿನದು ಬೇರೆಯೇ ಕೆಲಸ. ಕರಗುವುದನ್ನು ತೊಳೆದೊಯ್ದು ಕಬ್ಬಿಣದ ಅಂಶ ಉಳಿಸಿದೆ, ಅದಕ್ಕೇ ಆ ಕೆಂಪು. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಬಂದದ್ದು. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಆ ಕೆಂಪು ಸೊರಗುತ್ತದೆ, ಡೇಲೈಟ್‌ಗೆ ಇಡಿ. ಹಾವಸೆ ಹಿಡಿದ ಗೋಡೆ ಬಿಟ್ಟು, ಮುಕ್ಕಾಗಿ ಒಳಮೈ ಕಾಣುವ ಕಲ್ಲು ಹುಡುಕಿ. ಪಕ್ಕದಲ್ಲೊಂದು ನಾಣ್ಯ ಇಟ್ಟು ಹತ್ತಿರದಿಂದ ತೆಗೆಯಿರಿ, ತೂತುಗಳು ಎಷ್ಟು ದೊಡ್ಡವೆಂದು ತಿಳಿಯುತ್ತದೆ.