ವಾರ್ನಿಷ್ ಬಳಿದೆ, ಬಿಳಿ ಮಾಯವಾಯಿತು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಮನೆಗಳ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ಬಣ್ಣ ನಾಲ್ಕೇ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಕರಕಲಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಗೆ ಕಾಯಿಯ ಹಳದಿ. ಗುರಗೆ ನನಗೆ ಸಿಗಲಿಲ್ಲ. ಉಳಿದ ಮೂರನ್ನು ಮನೆಯಲ್ಲೇ ಮಾಡಿಕೊಂಡು ಒಂದು ಹಲಗೆಯ ಮೇಲೆ ಬರೆದೆ.

ಮೊದಲ ಸಲದ ಕೆಂಪು ಇಟ್ಟಿಗೆಪುಡಿಯ ಹಾಗೆ ಮಂಕಾಗಿತ್ತು. ಮಣ್ಣನ್ನು ಜರಡಿ ಹಿಡಿದು ಕಲಸಿದ್ದೆ, ಅಷ್ಟೇ. ಎರಡನೇ ಸಲ ಬಕೆಟ್ಟಿನಲ್ಲಿ ಕದಡಿ, ಮರಳು ತಳ ಕೂರುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದೆ. ಹೀಗೆ ಮೂರು ಸಲ. ಕೊನೆಗೆ ತಳದಲ್ಲಿ ಉಳಿದದ್ದು ಬೆಣ್ಣೆಯಂಥ ಕೆಸರು, ಬಣ್ಣ ಕುಂಕುಮಕ್ಕೆ ಹತ್ತಿರ. ಮಣ್ಣು ಅದೇ, ಕಣ ಮಾತ್ರ ಸಣ್ಣದು. ಕೆಂಪು ಕೊಡುವ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಗುಣವೇ ಹಾಗೆ. ಅದೇ ಹೆಮಟೈಟ್ ಇರುವ ಸಂಡೂರಿನ ಕಬ್ಬಿಣದ ಅದಿರಿನ ತುಂಡೊಂದು ನನ್ನ ಮೇಜಿನ ಮೇಲಿದೆ, ನೋಡಲು ಉಕ್ಕಿನ ಬೂದು. ಟೈಲ್ಸ್‌ನ ಒರಟು ಹಿಂಬದಿಗೆ ಉಜ್ಜಿದರೆ ಬೀಳುವ ಗೆರೆ ಮಾತ್ರ ಕೆಂಪು!

ಹಳದಿಗೆ ಬದಲಿಯಾಗಿ ರಸ್ತೆ ಅಗೆದ ಕಡೆಯಿಂದ ಹಳದಿ ಮಣ್ಣು ತಂದಿದ್ದೆ. ಕುತೂಹಲಕ್ಕೆ ಒಂದು ಹಿಡಿಯನ್ನು ಹಳೇ ಕಾವಲಿಯ ಮೇಲೆ ಜೋರು ಉರಿಯಲ್ಲಿ ಹುರಿದೆ. ನೋಡನೋಡುತ್ತ ಅದೂ ಕೆಂಪಾಯಿತು. ಹಳದಿ ಮಣ್ಣಿನಲ್ಲಿರುವುದು ಗೋಯಥೈಟ್, ನೀರಿನಂಶ ಕಟ್ಟಿಕೊಂಡ ಕಬ್ಬಿಣದ ಆಕ್ಸೈಡ್. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ನೀರು ಹೋಗಿ ಹೆಮಟೈಟ್ ಉಳಿಯುತ್ತದೆ. ಮೊದಲು ಮುಖ್ಯವಾಗಿ ನೇರಳೆ, ನೀಲಿಗಳನ್ನು ನುಂಗುತ್ತಿದ್ದ ಮಣ್ಣು ಈಗ ಹಸಿರನ್ನೂ ನುಂಗುತ್ತದೆ, ನಮ್ಮ ಕಣ್ಣಿಗೆ ಕೆಂಪೇ ಉಳಿಯುತ್ತದೆ. ಕಾವಲಿ ಮಾತ್ರ ಮತ್ತೆ ದೋಸೆಗೆ ಬರಲಿಲ್ಲ.

ನಿಜವಾಗಿ ಕಾಡಿದ್ದು ಬಿಳಿ. ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆ ಒದ್ದೆಯಲ್ಲಿ ಕಂಡೂ ಕಾಣದ ಹಾಗಿತ್ತು. ಹಿಟ್ಟು ತೆಳುವಾಯಿತೆಂದು ಇನ್ನಷ್ಟು ಸುರಿಯಹೊರಟಾಗ ಪಕ್ಕದ ಮನೆಯ ಅಜ್ಜಿ ತಡೆದರು: "ಈಗ ಕಾಣದಿಲ್ಲ ಮಗಾ. ಒಣಗ್ಲಿ, ಬೆಳ್ಳಗೆ ಏಳ್ತದೆ." ಎದ್ದಿತು. ನಾನು ಖುಷಿಯಲ್ಲಿ, ಬಣ್ಣ ಉದುರದಿರಲಿ ಎಂದು, ಮೇಲೆ ವಾರ್ನಿಷ್ ಎಳೆದೆ. ಕೆಂಪು ಗಾಢವಾಯಿತು, ಕಪ್ಪಿಗೆ ಹೊಳಪು ಬಂತು, ಮೂರು ದಿನ ಕೂತು ಎಳೆದ ಬಿಳಿ ಗೆರೆಗಳು ಕುಂಚ ಹೋದಲ್ಲೆಲ್ಲ ಕರಗಿಹೋದವು. ಒಣಗಿದರೆ ಬಂದಾವು ಎಂದು ರಾತ್ರಿಯಿಡೀ ಕಾದೆ. ಬರಲಿಲ್ಲ.

ಅಕ್ಕಿ ಹಿಟ್ಟಿನಲ್ಲಿ ಬಿಳಿ ಬಣ್ಣವೆಂಬ ವಸ್ತುವೇ ಇಲ್ಲ. ಅದರ ಪಿಷ್ಟದ ಕಣ ಒಂದೊಂದೂ ಗಾಜಿನಂತೆ ಪಾರದರ್ಶಕ, ಗಾತ್ರ ಕೆಲವೇ ಮೈಕ್ರಾನ್. ಕಣದಿಂದ ಗಾಳಿಗೆ, ಗಾಳಿಯಿಂದ ಕಣಕ್ಕೆ ದಾಟುವಾಗಲೆಲ್ಲ ಒಂದಿಷ್ಟು ಬೆಳಕು ಚದುರುತ್ತದೆ. ಎಲ್ಲ ಬಣ್ಣಗಳೂ ಒಟ್ಟಿಗೆ ಚದುರಿ ಬಂದದ್ದೇ ಬಿಳಿ. ಎಷ್ಟು ಚದುರುತ್ತದೆ ಎನ್ನುವುದು ಎರಡರ ವಕ್ರೀಭವನ ಸೂಚ್ಯಂಕಗಳ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತವೆ ಎನ್ನುವ ಅಳತೆಗಳ, ಅಂತರಕ್ಕೆ ಬಿಟ್ಟದ್ದು: ಪಿಷ್ಟಕ್ಕೆ ಸುಮಾರು 1.53, ಗಾಳಿಗೆ 1, ನೀರಿಗೆ 1.33, ವಾರ್ನಿಷ್‌ಗೆ ಸುಮಾರು 1.5. ನೀರು ಆರಿದರೆ ಆ ಜಾಗಕ್ಕೆ ಗಾಳಿ ಮರಳುತ್ತದೆ. ವಾರ್ನಿಷ್ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಇದ್ದಿಲು ಬೆಳಕನ್ನು ನುಂಗಿಯೇ ಕಪ್ಪಾಗಿರುವುದರಿಂದ ಅದಕ್ಕೆ ಯಾವ ತೊಂದರೆಯೂ ಆಗಲಿಲ್ಲ.

ಪೇಂಟ್ ಅಂಗಡಿಯ ಬಿಳಿ ಎಣ್ಣೆಯಲ್ಲೂ ಬಿಳಿಯಾಗಿಯೇ ಇರುವುದು ಟೈಟಾನಿಯಂ ಡೈಆಕ್ಸೈಡಿನಿಂದ, ಅದರ ಸೂಚ್ಯಂಕ 2.5ರ ಮೇಲೆ. ಅದನ್ನು ಬಳಸಲು ನನಗೆ ಮನಸ್ಸಾಗಲಿಲ್ಲ. ಹಲಗೆ ಕೆರೆದು ಮತ್ತೆ ಅಕ್ಕಿ ಹಿಟ್ಟಿನಲ್ಲೇ ಬರೆದೆ. ಈಗ ಅದಕ್ಕೆ ಗಾಜು ಹಾಕಿಸಿದ್ದೇನೆ, ಚಿತ್ತಾರಕ್ಕೂ ಗಾಜಿಗೂ ನಡುವೆ ಅರ್ಧ ಇಂಚು ಗಾಳಿ ಬಿಟ್ಟು.